ಬಾರೂ ನಂದೇ, ಕಿಕ್ಕೂ ನಂದೇ

ಮೇ ತಿಂಗಳ ಕೊನೆ ವಾರ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆ. ಹಂಚಿನ ಮೇಲೆ ವಾಲಿದ ಹಲಸಿನ ಕೊಂಬೆಯನ್ನು ಮಳೆಗೆ ಮುಂಚೆ ತಾವೇ ಇಳಿಸುವುದೆಂದು ಯಜಮಾನರು ಸಂಕಲ್ಪ ಮಾಡಿದ್ದಾರೆ. ಅವರು ಒಳಗೆ ಕಾಫಿ ಕುಡಿಯುತ್ತಿದ್ದಾಗ, ಕೊಟ್ಟಿಗೆಯಲ್ಲಿ ಗೊಬ್ಬರದ ಚೀಲಕ್ಕೆ ಒರಗಿದ್ದ ಚೈನ್ ಗರಗಸವನ್ನು ಮಾತಾಡಿಸಿದೆ.

ಪ್ರಶ್ನೆ: ತಮ್ಮ ಮೂಲ ಯಾವೂರು?

ಗರಗಸ: ಹೆರಿಗೆ ಕೋಣೆ ಅಂದ್ರೆ ನಂಬ್ತೀರಾ? 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು ಕಷ್ಟದ ಹೆರಿಗೆಯಲ್ಲಿ ಮೂಳೆ ಕೊಯ್ಯಲು ಹಲ್ಲಿನ ಸರಪಳಿಯೊಂದನ್ನು ಮಾಡಿಕೊಂಡಿದ್ದರು. ಅದು ನಮ್ಮ ಮುತ್ತಜ್ಜಿ. ಈಗಿನ ಹಲ್ಲು ಹುಳದ ಕೊಡುಗೆ. 1946ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬಾತ, ಮರ ಕೊರೆಯುವ ಹುಳು ಎಡಕ್ಕೂ ಬಲಕ್ಕೂ ಮೇಯುವುದನ್ನು ನೋಡಿ ಅದರ ದವಡೆಯಂತೇ ಹಲ್ಲು ಮಾಡಿದ.

ಪ್ರಶ್ನೆ: ಅಂತೂ ವೈದ್ಯರ ಮನೆತನ!

ಗರಗಸ: ಈಗಲೂ ಅವರಿಗೆ ಗಿರಾಕಿ ಕಳಿಸ್ತಾ ಇರ್ತೀನಿ.

ಪ್ರಶ್ನೆ: ಈ ಮನೆಗೆ ಬಂದದ್ದು?

ಗರಗಸ: ಅಂಗಡಿಯವ ಪುಣ್ಯಾತ್ಮ. ‘ಮನೆ ಕೆಲಸಕ್ಕೆ 14 ಇಂಚಿನ ಬಾರ್ ಧಾರಾಳ, ರೆಂಬೆ ಸವರೋದಕ್ಕಾದ್ರೆ ಬ್ಯಾಟರಿಯದೇ ಸಾಕು’ ಅಂದ. ಇವರಿಗೆ ಪಕ್ಕದ ತೋಟದವರ 18 ಇಂಚು ನೆನಪಾಯ್ತು. 22 ಇಂಚಿನ ನನ್ನನ್ನು ಎತ್ತಿಕೊಂಡು ಬಂದರು. ಹೆಲ್ಮೆಟ್ಟು, ಬೂಟು, ಕಿವಿಗೆ ಮುಚ್ಚಳ, ಗರಗಸ ಹಿಡಿಯುವವರ ಪ್ಯಾಂಟು ತೋರಿಸಿದರೆ ‘ಅದೆಲ್ಲ ದುಡ್ಡು ಕೀಳೋ ದಾರಿ’ ಅಂದರು. ನನಗೆ ಬೇಸರವಾದದ್ದು ಆ ಪ್ಯಾಂಟು ಬಿಟ್ಟು ಬಂದದ್ದಕ್ಕೆ. ಅದರೊಳಗಿನ ಉದ್ದನೆಯ ನೂಲು ನನ್ನ ಹಲ್ಲಿಗೆ ಸಿಕ್ಕಿ, ಚಕ್ರಕ್ಕೆ ಸುತ್ತಿ, ನನ್ನನ್ನೇ ನಿಲ್ಲಿಸಿಬಿಡುತ್ತೆ. ಲುಂಗಿಯೂ ಸುತ್ತಿಕೊಳ್ಳುತ್ತೆ, ಆದ್ರೆ ಕಾಲನ್ನೂ ಜೊತೆಗೆ ಕರಕೊಂಡು ಬರುತ್ತೆ.

ಪ್ರಶ್ನೆ: ಬಾರ್ ಅಂದಿರಿ. ಕಿಕ್ ಕೂಡ ಇದೆಯಂತೆ?

ಗರಗಸ: ಬಾರೂ ನಂದೇ, ಕಿಕ್ಕೂ ನಂದೇ. ಬಾರ್ ಅಂದ್ರೆ ಸರಪಳಿ ಸುತ್ತೋ ಪಟ್ಟಿ. ಅದರ ತುದಿಯ ಮೇಲ್ಭಾಗ ಕೊಂಬೆಗೋ ಗೋಡೆಗೋ ತಾಗಿತೋ, ರೆಪ್ಪೆ ಬಡಿಯೋದ್ರೊಳಗೆ ಹಿಡಿದವನ ಮುಖಕ್ಕೇ ಹಾರ್ತೀನಿ. ಸಿಟ್ಟಲ್ಲ ಸ್ವಾಮಿ, ಸರಪಳಿ ಸುತ್ತೋ ರೀತಿಯೇ ಹಾಗೆ. ಅದಕ್ಕೇ ಮುಂದಿನ ಹಿಡಿಯೆದುರು ಬ್ರೇಕ್ ಇಟ್ಟಿರೋದು. ಎಡಗೈ ಹೆಬ್ಬೆರಳು ಹಿಡಿಯ ಸುತ್ತ ಬಿಗಿಯಾಗಿರಬೇಕು. ಭುಜಕ್ಕಿಂತ ಮೇಲೆ ನನ್ನನ್ನು ಎತ್ತಬಾರದು. ಸ್ಟಾರ್ಟ್ ಮಾಡುವಾಗ ಬ್ರೇಕ್ ಹಾಕಿ, ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಬೂಟುಗಾಲಿಟ್ಟು ಹಗ್ಗ ಎಳೀಬೇಕು. ಇವರು ಒಂದು ಕೈಲಿ ನನ್ನನ್ನು ನೇತಾಡಿಸಿಕೊಂಡು ಎಳೀತಾರೆ. ಕಾಲಲ್ಲಿ ಹವಾಯಿ ಚಪ್ಪಲಿ.

ಪ್ರಶ್ನೆ: ಊಟ-ಉಪಚಾರ ಹೇಗಿದೆ?

ಗರಗಸ: ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ-ಸ್ಟ್ರೋಕ್ ಆಯಿಲೋ 40 ಎಂಎಲೋ ಅನ್ನೋದು ಮೆಷಿನ್ ಜೊತೆ ಬರೋ ಪುಸ್ತಕದಲ್ಲಿರುತ್ತೆ. ನಮ್ಮ ಮನೇಲಿ ಅದು ಕೋಡುಬಳೆ ಡಬ್ಬಿಯ ತಳದಲ್ಲಿದೆ. ಹಲ್ಲು ಮೊಂಡಾದರೆ ಚಕ್ಕೆಯ ಬದಲು ಹಿಟ್ಟು ಉದುರುತ್ತೆ. ಆಗ ಅರ ಹಿಡಿದು ಮಸೀಬೇಕು. ಇವರು ಇನ್ನಷ್ಟು ಒತ್ತುತ್ತಾರೆ.

ಪ್ರಶ್ನೆ: ಇವತ್ತಿನ ಹಲಸು?

ಗರಗಸ: ಮೇಲಿಂದ ಒಂದೇ ಸಲಕ್ಕೆ ಕೊಯ್ದರೆ ಅರ್ಧದಲ್ಲೇ ಮುರಿದು, ಕಾಂಡದ ತೊಗಟೆ ಸಮೇತ ಸಿಗಿದು ಬರುತ್ತೆ. ಮೊದಲು ಅಡಿಯಿಂದ ಕಾಲುಭಾಗ, ಆಮೇಲೆ ಗೇಣು ಆಚೆ ಮೇಲಿಂದ, ಕೊನೆಗೆ ಮೋಟು. ಇದು ನೆಲದ ಮೇಲೆ ನಿಂತು ಕೈಗೆಟುಕೋ ರೆಂಬೆಯ ಮಾತು. ಹಂಚಿನ ಮೇಲಿನದ್ದಕ್ಕೆ ಹಗ್ಗ ಕಟ್ಟಿ ಇಳಿಸೋ ಕಸುಬುದಾರರನ್ನೇ ಕರೀಬೇಕು. ಅವರ ಕೂಲಿ ಜಾಸ್ತಿಯಾಯ್ತು ಅಂತ ತಾನೇ ನನ್ನನ್ನು ತಂದದ್ದು!

ಪ್ರಶ್ನೆ: ಮರವನ್ನೇ ಉರುಳಿಸುವುದಾದರೆ?

ಗರಗಸ: 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆಯಲ್ಲ. ಸಿಲ್ವರ್ ಓಕ್, ನೀಲಗಿರಿಗೆ ವಿನಾಯಿತಿ. ತೇಗ, ಬೀಟೆ ನಿಮ್ಮ ಹಿತ್ತಲಲ್ಲೇ ಇದ್ದರೂ ಅನುಮತಿ ಬೇಕು. ಅಯ್ಯೋ, ಅಲ್ಲಿ ನೋಡಿ...

ಯಜಮಾನರು ಅಂಗಳಕ್ಕೆ ಬಂದರು. ಲುಂಗಿ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದೆ, ಹೆಗಲ ಮೇಲೆ ಬಿದಿರಿನ ಏಣಿ.

ಗರಗಸ: ಸಂದರ್ಶನ ಸಾಕು. ಚೀಲದ ಹಿಂದೆ ಸ್ಪ್ಯಾನರ್ ಇದೆ, ಬೇಗ!

ಸ್ಪಾರ್ಕ್ ಪ್ಲಗ್ ಈಗ ನನ್ನ ಜೇಬಿನಲ್ಲಿದೆ. ಯಜಮಾನರು ಇನ್ನೂ ಹಗ್ಗ ಎಳೆಯುತ್ತಿದ್ದಾರೆ.