ನೀಲಗಿರಿಯ ರಜಪೂತ ದುರ್ಗಗಳು: ಒಂದು ಶಾಸ್ತ್ರೀಯ ವಿವೇಚನೆ

ನೀಲಗಿರಿ ಜಿಲ್ಲೆಯಲ್ಲಿ ರಜಪೂತರು ಕಟ್ಟಿಸಿದ ಕೋಟೆ ಒಂದೂ ಇಲ್ಲ. ಇದು ಅಧ್ಯಯನಕ್ಕೆ ತೊಡಕೆಂದು ಪಾಮರರು ಭಾವಿಸಬಹುದು. ಶಾಸ್ತ್ರಕಾರರಿಗೆ ಅದೇ ಅನುಕೂಲ. ಇರುವ ಕೋಟೆಯ ಬಗ್ಗೆ ಬರೆದರೆ ಯಾರಾದರೂ ಟೇಪು ಹಿಡಿದು ಹೋಗಿ ಅಳೆದು ಬರುವ ಭಯವಿರುತ್ತದೆ. ಹಾಗೆಂದು ಪ್ರಮಾಣ ತೀರಾ ಶೂನ್ಯವಲ್ಲ. ಉದಕಮಂಡಲದ ಅರನ್‌ಮೋರ್ ಅರಮನೆ ಒಂದು ಕಾಲಕ್ಕೆ ಜೋಧಪುರದ ಮಹಾರಾಜರ ಸ್ವತ್ತಾಗಿತ್ತು. ಈಗ ಅದು 'ತಮಿಳಗಂ' ಎಂಬ ಹೆಸರಿನ ಸರ್ಕಾರಿ ಅತಿಥಿಗೃಹ. ಮಾರವಾಡದ ರಾಠೋಡರು ದೇಶದ ಆ ತುದಿಯಿಂದ ಈ ತುದಿಗೆ ಬಂದು ಬೆಟ್ಟ ಹತ್ತಿದ್ದು ಯುದ್ಧಕ್ಕಲ್ಲ, ಮೇ ತಿಂಗಳ ಸೆಕೆಗೆ. ಶತ್ರುವಿಗೆ ಬೆನ್ನು ತೋರಿಸದ ವಂಶ ಸೂರ್ಯನಿಗೆ ತೋರಿಸಿದರೆ ಕ್ಷಾತ್ರಕ್ಕೆ ಕುಂದಿಲ್ಲವೆಂದು ಇಲ್ಲಿ ಗ್ರಹಿಸತಕ್ಕದ್ದು. ಸೂರ್ಯ ಆ ವಂಶದ ಮೂಲಪುರುಷನಾದ್ದರಿಂದ ಅದು ಮನೆಯೊಳಗಿನ ವ್ಯವಹಾರ.

ದುರ್ಗಗಳ ವಿಂಗಡಣೆಗೆ ಕೌಟಿಲ್ಯನೇ ಆಧಾರ. ನೀರಿನ ನಡುವಿನದು ಔದಕ, ಬೆಟ್ಟದ ಮೇಲಿನದು ಪಾರ್ವತ, ಮರುಭೂಮಿಯದು ಧಾನ್ವನ, ಕಾಡಿನದು ವನದುರ್ಗ ಎಂದು ಅರ್ಥಶಾಸ್ತ್ರ ನಾಲ್ಕು ಬಗೆ ಹೇಳುತ್ತದೆ. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ರಾಜಸ್ಥಾನದ ಆರು ಕೋಟೆಗಳಲ್ಲಿ ಈ ನಾಲ್ಕಕ್ಕೂ ಉದಾಹರಣೆ ಸಿಗುತ್ತದೆ: ನದಿಗಳು ಸುತ್ತುವರಿದ ಗಾಗರೋನ್, ಬೆಟ್ಟದ ಚಿತ್ತೋಡಗಢ, ಮರಳಿನ ಜೈಸಲ್ಮೇರ್, ಹುಲಿಕಾಡಿನ ರಣಥಂಬೋರ್. ನೀಲಗಿರಿಯಲ್ಲಿ ಮರಳುಗಾಡಿಲ್ಲ. ಉಳಿದ ಮೂರಕ್ಕೆ ಇಲ್ಲಿ ಎಷ್ಟು ಅವಕಾಶವಿದೆಯೆಂದರೆ ಮಳೆಗಾಲದಲ್ಲಿ ಒಂದೇ ಸ್ಥಳ ಏಕಕಾಲಕ್ಕೆ ಮೂರೂ ಆಗಿರುತ್ತದೆ.

ಔದಕಕ್ಕೆ ಶ್ರೇಷ್ಠ ನಿದರ್ಶನ ಬೆಟ್ಟದ ಬುಡದ ದಣ್ಣಾಯಕನ ಕೋಟೆ. ಮೋಯಾರು ಭವಾನಿಯನ್ನು ಸೇರುವಲ್ಲಿ ಹೊಯ್ಸಳರ ಕಾಲದ ದಂಡನಾಯಕರು ಕಟ್ಟಿದ್ದಿದು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ್ದೂ ಈ ಕಡೆಯಿಂದಲೇ. 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟು ಎದ್ದು ಕೋಟೆ ಮುಳುಗಿತು. ಔದಕದುರ್ಗದ ಸುತ್ತ ನೀರಿರಬೇಕೆಂದಷ್ಟೇ ಕೌಟಿಲ್ಯನ ನಿಯಮ. ಇದರ ಮೇಲೂ ನೀರಿದೆ. ಬರಗಾಲದಲ್ಲಿ ಜಲಾಶಯ ಇಳಿದಾಗ ಹಳೆಯ ದೇಗುಲ ತಲೆ ಎತ್ತುತ್ತದೆ. ಆಗ ದರ್ಶನಕ್ಕೆ ಜನ ನೆರೆಯುತ್ತಾರೆ; ಮಳೆಯಾಗಲೆಂದು ಬೇಡುವವರೂ ಅವರೇ.

ಪಾರ್ವತದ ವರ್ಗದಲ್ಲಿ ಮೂರು ಹೆಸರುಗಳು ಬರುತ್ತವೆ. ಕೂನೂರಿನ ಹುಲಿಕಲ್ ದುರ್ಗ ಟಿಪ್ಪುವಿನ ಕಾವಲು ಠಾಣೆಯಾಗಿತ್ತು; ಜನ ಅದನ್ನು ಬಕಾಸುರನ ಲೆಕ್ಕಕ್ಕೂ ಬರೆದಿದ್ದಾರೆ. ಕಲ್ಲಹಟ್ಟಿ ಕಡೆ ಮಲೆಕೋಟೆ, ಕೋತಗಿರಿ ಕಡೆ ಉಮ್ಮತ್ತೂರಿನ ಒಡೆಯರ ನೆನಪಿನ ಉದಯರಾಯನ ಕೋಟೆ. ಮೂರರಲ್ಲೂ ಗೋಡೆಗಿಂತ ಗಿಡ ಹೆಚ್ಚು; ಹಾಗಾಗಿ ವನದುರ್ಗಕ್ಕೂ ಇವೇ ನಿದರ್ಶನ. ಒಳಗೆ ಹೊಕ್ಕವನಿಗೆ ತಾನು ಒಳಗಿದ್ದೇನೋ ಹೊರಗಿದ್ದೇನೋ ನಿರ್ಣಯವಾಗುವುದಿಲ್ಲ. ಈ ಅನುಭವವನ್ನು ಅದ್ವೈತಿಗಳು ಬೇರೆ ಪ್ರಕರಣದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಈಗಿನ ಪಾಳೆಯಗಾರಿಕೆ ಕಾಟಿ ಮತ್ತು ಜಿಗಣೆಯದು. ಜಿಗಣೆ ತೆರಿಗೆಯನ್ನು ಸ್ಥಳದಲ್ಲೇ ವಸೂಲು ಮಾಡುತ್ತದೆ, ರಸೀದಿ ಕೊಡುವುದಿಲ್ಲ.

ನೀಲಗಿರಿಯನ್ನು ಗೆದ್ದವರ ಪಟ್ಟಿ ಚಿಕ್ಕದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಬೆಟ್ಟದ ತೋದ ಬುಡಕಟ್ಟಿನವರನ್ನು ಬೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ತೋದವರ ಬಳಿ ಕೋಟೆ ಇರಲಿಲ್ಲ, ಎಮ್ಮೆಗಳಿದ್ದವು. ದಂಡನಾಯಕ ಹೋದ, ಹೊಯ್ಸಳರೂ ಹೋದರು, ಎಮ್ಮೆಗಳು ಇನ್ನೂ ಇವೆ. ದುರ್ಗಶಾಸ್ತ್ರಕ್ಕೆ ಇದೊಂದು ಮುಜುಗರದ ಸಂಗತಿಯಾದ್ದರಿಂದ ಪಂಡಿತರು ಈ ಶಾಸನವನ್ನು ಸಾಲು ಸಾಲಾಗಿ ಓದುತ್ತಾರೆ, ಎಮ್ಮೆಯ ಬಳಿ ಬಂದಾಗ ಕೆಮ್ಮುತ್ತಾರೆ. ಏಳು ಶತಮಾನದ ಬಳಿಕ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ, ಬೆಟ್ಟ ಕಂಪನಿ ಸರ್ಕಾರದ ಪಾಲಿಗೆ ಹೋಯಿತು. ಅದೇ ವರ್ಷ ಜೈಪುರದಲ್ಲಿ ಸವಾಯಿ ಪ್ರತಾಪಸಿಂಹ ಹವಾಮಹಲ್ ಕಟ್ಟಿಸಿದ. ಒಂದು ಕಡೆ ಅರಸನೊಬ್ಬ ಗಾಳಿಗಾಗಿ 953 ಕಿಟಕಿ ಇಡಿಸುತ್ತಿರುವಾಗ ಇನ್ನೊಂದು ಕಡೆ ಇಂಗ್ಲಿಷರು ಗಾಳಿಯ ಇಡೀ ಬೆಟ್ಟವನ್ನೇ ಸಂಧಿಪತ್ರದಲ್ಲಿ ಬರೆಸಿಕೊಂಡರು. ಯಾರಿಗೆ ಲಾಭವಾಯಿತೆಂಬುದನ್ನು ಊಟಿಯ ಜೋಧಪುರ ಬಂಗಲೆಯೇ ಹೇಳುತ್ತದೆ.

ಇಲ್ಲಿಗೆ ಕೌಟಿಲ್ಯನ ನಾಲ್ಕು ಬಗೆ ಮುಗಿದವು. ಐದನೆಯದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಅನುಮತಿದುರ್ಗ ಎನ್ನಬಹುದು. ಕಂದಕ, ಬುರುಜು, ಫಿರಂಗಿ ಯಾವುದೂ ಇಲ್ಲದೆ, ಹೂಗಿಡದ ಬೇಲಿ, ಕಬ್ಬಿಣದ ಗೇಟು, ಮಂಕಿಟೋಪಿ ಹಾಕಿಕೊಂಡ ಒಬ್ಬ ಕಾವಲುಗಾರ, ಇಷ್ಟರಿಂದಲೇ ರಕ್ಷಿತವಾದ ದುರ್ಗ ಇದು. ಇದರ ಬಲವನ್ನು ಅರಿಯಬೇಕಾದರೆ ರಾಜಸ್ಥಾನದ ಕಡೆ ಒಮ್ಮೆ ನೋಡಬೇಕು. ಚಿತ್ತೋಡ ಮೂರು ಬಾರಿ ಬಿತ್ತು: 1303ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಗೆ, 1535ರಲ್ಲಿ ಗುಜರಾತಿನ ಬಹಾದ್ದೂರ್ ಶಾಹನಿಗೆ, 1568ರಲ್ಲಿ ಅಕ್ಬರನಿಗೆ. ನಾಲ್ಕನೆಯ ಬಾರಿ ಪ್ರವಾಸಿಗಳಿಗೆ ಬಿತ್ತು, ಮತ್ತೆ ಏಳಲಿಲ್ಲ. ರಾವ್ ಜೋಧಾ 1459ರಲ್ಲಿ ಅಡಿಗಲ್ಲಿಟ್ಟ ಮೆಹರಾನ್‌ಗಢದಲ್ಲಿ ಏಳು ಬಾಗಿಲು, ಆನೆ ಡಿಕ್ಕಿ ಹೊಡೆಯದಂತೆ ಬಾಗಿಲಿಗೆ ಮೊಳೆ. ಈಗ ಟಿಕೆಟ್ ಕೊಂಡವರಿಗೆ ಕಿವಿಗೆ ಯಂತ್ರ ಸಿಕ್ಕಿಸಿ, ಕೋಟೆಯ ಮರ್ಮವನ್ನು ಬೇಕಾದ ಭಾಷೆಯಲ್ಲಿ ಹೇಳಿ ಒಳಗೆ ಬಿಡಲಾಗುತ್ತದೆ. ಯಾರೂ ಹೊಗದಿರಲೆಂದು ಕಟ್ಟಿದ್ದಕ್ಕೆ ಎಲ್ಲರೂ ಹೊಗುತ್ತಾರೆ. ನೆಂಟರು ಬರಲೆಂದು ಕಟ್ಟಿದ ಊಟಿಯ ಬಂಗಲೆಗೆ ಯಾರೂ ಹೊಗಲಾರರು. ಆದ್ದರಿಂದ ರಜಪೂತ ದುರ್ಗಗಳಲ್ಲೆಲ್ಲ ಅಭೇದ್ಯವಾದದ್ದು ಅರನ್‌ಮೋರ್ ಎಂಬ ಸಿದ್ಧಾಂತ ತಾನಾಗಿ ಏರ್ಪಡುತ್ತದೆ.

ಇದಕ್ಕೆ ಒಂದು ಪೂರ್ವಪಕ್ಷವಿದೆ. ಊಟಿಯ ಅರಮನೆಗಳಲ್ಲಿ ಹೆಸರಾದದ್ದು ಫರ್ನ್‌ಹಿಲ್. 1840ರ ದಶಕದಲ್ಲಿ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ ಮನೆ ಕೈಯಿಂದ ಕೈಗೆ ದಾಟಿ 1870ರ ದಶಕದಲ್ಲಿ ಮೈಸೂರು ಅರಸರದಾಯಿತು, ಮುಂದೆ ಹೋಟೆಲಾಯಿತು. ಮೈಸೂರಿನವರು ರಜಪೂತರಲ್ಲವಾದ್ದರಿಂದ ಅದನ್ನು ಪ್ರಬಂಧದಿಂದ ಕೈಬಿಡಬೇಕೆಂಬುದು ಆಕ್ಷೇಪ. ಉತ್ತರ ಹೀಗಿದೆ: ಯದುವಂಶದ ಮೂಲ ದ್ವಾರಕೆಯೆಂಬ ಐತಿಹ್ಯ ಒತ್ತಟ್ಟಿಗಿರಲಿ; 1900ರಲ್ಲಿ ನಾಲ್ವಡಿಯವರ ಕೈಹಿಡಿದ ಪ್ರತಾಪಕುಮಾರಿಯವರು ಕಾಠಿಯಾವಾಡದ ವಾಣಾ ಮನೆತನದವರು, 2016ರಲ್ಲಿ ಯದುವೀರರನ್ನು ವರಿಸಿದ ತ್ರಿಷಿಕಾ ಕುಮಾರಿಯವರು ರಾಜಸ್ಥಾನದ ಡುಂಗರಪುರದವರು. ಬೀಗರ ಮನೆಯ ಹಿತ್ತಿಲೂ ತನ್ನದೇ ಎಂಬುದು ಲೋಕನ್ಯಾಯವಾದ್ದರಿಂದ ಫರ್ನ್‌ಹಿಲ್ ಈ ವಿವೇಚನೆಯೊಳಗೆ ಬರುತ್ತದೆ. ಹೈದರಾಬಾದ್ ನಿಜಾಮರ ಸೀಡರ್ಸ್ ಬಂಗಲೆಗೆ ಈ ನ್ಯಾಯ ಸಲ್ಲದು.

ಮೈಸೂರಿನ ಕಡೆಯಿಂದ ಹೊರಟ ಯಾತ್ರಿಕನಿಗೆ ಈ ಅನುಮತಿದುರ್ಗದ ಬಾಗಿಲುಗಳು ಗುಂಡ್ಲುಪೇಟೆ ದಾಟಿದ ಕೂಡಲೇ ಶುರುವಾಗುತ್ತವೆ. ಬಂಡೀಪುರದ ತಪಾಸಣೆ ಮೊದಲನೆಯದು. ಕೆಕ್ಕನಹಳ್ಳದ ಗಡಿಯಲ್ಲಿ ಎರಡನೆಯದು. ಅಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗಳು ಶರಣಾಗುತ್ತವೆ, ಆಯುಧ ಒಪ್ಪಿಸಿದ ಸೈನಿಕರಂತೆ ಯಜಮಾನರು ಬರಿಗೈಯಲ್ಲಿ ಮುಂದೆ ಸಾಗುತ್ತಾರೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಬೆಟ್ಟ ಹತ್ತಲು ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ಪ್ರವಾಸಿ ವಾಹನಗಳಿಗೆ ವಾರದ ದಿನ 6,000, ವಾರಾಂತ್ಯ 8,000 ಎಂಬ ಮಿತಿಯೂ ಬಂತು. ಅಕ್ಬರ ಭಾನುವಾರ ನೋಡಿಕೊಂಡೇ ದಂಡೆತ್ತಿ ಬಂದಿದ್ದರೂ ಸೈನ್ಯದ ಬಹುಪಾಲು ಕೆಕ್ಕನಹಳ್ಳದಲ್ಲೇ ಬೀಡುಬಿಡಬೇಕಾಗುತ್ತಿತ್ತು.

ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಬಲಗಡೆಯ ದಾರಿ ಗೂಡಲೂರು, ನಡುವಟ್ಟಂ ಸುತ್ತಿ ನಿಧಾನವಾಗಿ ಏರುತ್ತದೆ. ಮಸಿನಗುಡಿಯ ದಾರಿ ಹತ್ತಿರದ್ದು, ಆದರೆ ಕಲ್ಲಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಹೊರಗಿನ ವಾಹನಗಳು ಇಲ್ಲಿ ಹತ್ತಬಹುದು, ಇಳಿಯುವಂತಿಲ್ಲ. ಹೊಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ ಎಂಬ ಅಭಿಮನ್ಯುವಿನ ಸ್ಥಿತಿ ಇಲ್ಲಿ ಸಂಚಾರ ನಿಯಮವಾಗಿದೆ. ಆನೆಯ ವಿಚಾರದಲ್ಲೂ ಎರಡು ಸಂಪ್ರದಾಯಗಳಿವೆ: ಆಮೇರಿನಲ್ಲಿ ಆನೆ ಪ್ರವಾಸಿಯನ್ನು ಹೊತ್ತು ಕೋಟೆ ಹತ್ತುತ್ತದೆ, ತೆಪ್ಪಕಾಡಿನ ಶಿಬಿರದಲ್ಲಿ ಪ್ರವಾಸಿ ನಿಂತು ನೋಡುತ್ತಾನೆ, ಆನೆ ರಾಗಿಮುದ್ದೆ ತಿನ್ನುತ್ತದೆ. ಎರಡನೆಯದು ನಾಗರಿಕತೆಯ ಮುಂದಿನ ಘಟ್ಟ.

ಅನುಮತಿದುರ್ಗದ ಮುಂದಿನ ವಿಧಿ ಸರಳ. ಯಜಮಾನ ಕಾರಿನಿಂದಿಳಿದು, ಮಫ್ಲರ್ ಸರಿಮಾಡಿಕೊಂಡು, "ಅಣ್ಣಾ, ಒಂದೇ ಒಂದು ಫೋಟೊ" ಎನ್ನತಕ್ಕದ್ದು. "ಪರ್ಮಿಷನ್ ಇರುಕ್ಕಾ ಸಾರ್?" ಎಂಬುದು ಪ್ರತಿವಚನ. ಕಾವಲುಗಾರ ಬಡಗನಾಗಿದ್ದರೆ ನಿರಾಕರಣೆ ಕನ್ನಡಕ್ಕೆ ಹತ್ತಿರದ ನುಡಿಯಲ್ಲಿ ಬಂದು ಅರ್ಧ ಒಪ್ಪಿಗೆಯಂತೆ ಕೇಳಿಸುವುದುಂಟು. ಆದರೂ ಗೇಟು ಅಲುಗುವುದಿಲ್ಲ. ಬಳಿಕ ಮನೆಮಂದಿಯೆಲ್ಲ ಗೇಟಿಗೆ ಬೆನ್ನುಮಾಡಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಚಿತ್ರದಲ್ಲಿ ಅರಮನೆ ಕಾಣುವುದಿಲ್ಲ. ಮಂಜು ಇರುತ್ತದೆ, ಅತ್ತೆಯವರ ಶಾಲು ಇರುತ್ತದೆ. ಊರಿಗೆ ಹೋದ ಮೇಲೆ ಇದನ್ನು ಅರಮನೆಯ ಚಿತ್ರವೆಂದೇ ತೋರಿಸುವುದು ಶಿಷ್ಟಾಚಾರ.

ನಿರ್ಗಮನಕ್ಕೆ ಕಾಲನಿಯಮವಿದೆ. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಚಾಕೊಲೇಟ್ ಅಂಗಡಿಯಲ್ಲಿ ತಡಮಾಡಿದವರು ಗೂಡಲೂರಿನಲ್ಲಿ ಉಳಿಯಬೇಕಾಗುತ್ತದೆ. ಇದನ್ನು ಶಾಸ್ತ್ರದಲ್ಲಿ ಮುತ್ತಿಗೆ ಎಂದೇ ಎಣಿಸಬೇಕು, ಮುತ್ತಿಗೆಗೆ ಒಳಗಾದವರು ಕೋಟೆಯ ಹೊರಗಿದ್ದಾರೆ ಎಂಬುದೊಂದೇ ವ್ಯತ್ಯಾಸ. ಆ ಅವಧಿಯ ದಾಸ್ತಾನು ವರ್ಕಿ, ಹಸಿ ಕ್ಯಾರೆಟ್, ಚಹಾಪುಡಿ ಮತ್ತು ನೀಲಗಿರಿ ಎಣ್ಣೆ. ಮೊದಲೆರಡನ್ನು ಬೆಳಗಿನವರೆಗೆ ತಿನ್ನಬಹುದು.