ಮೂರನೇ ಗೇರು ಬಿದ್ದ ಕಥೆ

ಆಗುಂಬೆ ಘಾಟಿಯಲ್ಲಿ ಬುದ್ಧಿ ಇದ್ದವರು ಎರಡನೇ ಗೇರಿನಲ್ಲಿ ಇಳಿಯುತ್ತಾರೆ. ನಾನು ಮೂರರಲ್ಲಿದ್ದೆ. 'ಟಕ್' ಎಂದು ಒಂದು ಸದ್ದು, ಅಷ್ಟೇ. ಗೇರ್ ರಾಡು ಪಂಕ್ತಿಯ ಮಧ್ಯೆ ಎಲೆ ಬಿಟ್ಟು ಎದ್ದವರ ಹಾಗೆ ತನ್ನಷ್ಟಕ್ಕೆ ತಾನೇ ನ್ಯೂಟ್ರಲ್ಲಿಗೆ ಬಂದು ನಿಂತಿತು. ಇಂಜಿನ್ನಿನ ಹಿಡಿತ ತಪ್ಪಿದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ಕಾರು ಓಡತೊಡಗಿತು. 14 ತಿರುವುಗಳಲ್ಲಿ ಇನ್ನೂ ಹನ್ನೊಂದು ಬಾಕಿ. ಬ್ರೇಕಿನ ಮೇಲೆ ನಿಂತೇ ಬಿಟ್ಟೆ.

"ಎಂತ ಆಯ್ತು?" ಎಂದಳು ನಮ್ಮನೆಯವಳು.

"ಏನಿಲ್ಲ, ಮೂರನೇ ಗೇರು ಬಿತ್ತು."

"ಎಲ್ಲಿ ಬಿತ್ತು? ನಿಲ್ಸಿ, ಹೆಕ್ಕಿಕೊಂಡು ಬರ್ತೇನೆ."

ಕಟ್ಟೆಯ ಮೇಲೆ ಕೂತಿದ್ದ ಮಂಗಗಳೆಲ್ಲ ನಮ್ಮನ್ನೇ ನೋಡುತ್ತಿದ್ದವು. ಗೇರು ಬೀಳುವುದೆಂದರೆ ಏನು ಎಂಬುದನ್ನು ಬಿಡಿಸಿ ಹೇಳಿದ ಮೇಲೆ ಅವಳು ಪರಿಹಾರವನ್ನೂ ತಾನೇ ಕಂಡುಹಿಡಿದಳು. ನಾನು ಮೂರಕ್ಕೆ ಹಾಕಿದ ಕೂಡಲೇ ಬಲಗೈಯಿಂದ ರಾಡನ್ನು ಗಟ್ಟಿಯಾಗಿ ಒತ್ತಿ ಹಿಡಿದು ಕೂರುವುದು. ಹೆಬ್ರಿಯಿಂದ ಉಡುಪಿವರೆಗೂ ಹಾಗೇ ಹೋದೆವು. ಮದುವೆ ಮನೆಯಲ್ಲಿ ಅವಳ ಅಂಗೈ ಕೆಂಪಾಗಿದ್ದನ್ನು ಕಂಡು ಯಾರೋ "ಮೆಹಂದಿ ಚೆನ್ನಾಗಿ ಬಂದಿದೆ" ಎಂದರಂತೆ.

ಈ ವ್ಯವಸ್ಥೆ ನಾಲ್ಕು ತಿಂಗಳು ನಡೆಯಿತು. ಗೇರು ಹಾಕುವುದು ನಾನು, ಹಾಕಿದ್ದನ್ನು ಕಾಯುವುದು ಅವಳು. ಒಬ್ಬನೇ ಹೊರಟರೆ ಎರಡರಿಂದ ನೇರ ನಾಲ್ಕಕ್ಕೆ ಹಾರುತ್ತಿದ್ದೆ. ಕಾರು ಕೆಮ್ಮಿ, ನಡುಗಿ, ಮುದುಕರು ಮೆಟ್ಟಿಲು ಹತ್ತಿದ ಹಾಗೆ ವೇಗ ಹಿಡಿಯುತ್ತಿತ್ತು. ಕೊನೆಗೆ ಎರಡನೇ ಗೇರೂ ಕರಕರ ಎನ್ನತೊಡಗಿತು.

ಈ ಸದ್ದಿಗೆ ನನ್ನ ಬಳಿ ಇತಿಹಾಸದ ಸಮಾಧಾನವಿತ್ತು. ಗೇರುಗಳು ಕೂಡುವ ಮೊದಲೇ ಅವುಗಳ ವೇಗ ಸಮ ಮಾಡಿಕೊಡುವ ಸಿಂಕ್ರೋಮೆಶ್ ಎಂಬ ಏರ್ಪಾಡನ್ನು ಕ್ಯಾಡಿಲಾಕ್ ಕಾರಿನವರು ತಂದದ್ದು 1928ರಲ್ಲಿ. ಅದಿಲ್ಲದ ಗಾಡಿಗಳಲ್ಲಿ ಡಬಲ್ ಕ್ಲಚ್ ಹೊಡೆಯಬೇಕಿತ್ತು. ಒಮ್ಮೆ ಒತ್ತಿ ನ್ಯೂಟ್ರಲ್ಲಿಗೆ ತಂದು ಬಿಡುವುದು, ಕೊಂಚ ಆಕ್ಸಿಲರೇಟರ್ ಕೊಟ್ಟು ಮತ್ತೆ ಒತ್ತಿ ಕೆಳಗಿನ ಗೇರಿಗೆ ಹಾಕುವುದು. ಹಳೇ ಲಾರಿ ಡ್ರೈವರುಗಳಿಗೆ ಇದು ಎಲೆಯಡಿಕೆ ಹಾಕಿದಷ್ಟು ಸಲೀಸು. ನಾನೂ ಕೊಪ್ಪ ಸರ್ಕಲ್ಲಿನಲ್ಲಿ ಪ್ರಯತ್ನಿಸಿದೆ. ಕಾಲು ಎರಡು ಸಲ ಒತ್ತಿದ್ದು ನಿಜ, ಎರಡನೆಯದು ಬ್ರೇಕು. ಹಿಂದಿನ ಆಟೋದವನು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಅರ್ಧ ವಾಕ್ಯದಲ್ಲೇ ನಿಲ್ಲಿಸಿದ.

ಫೋರ್ಡ್ ಮಾಡೆಲ್ ಟಿ ಕಾಲದಲ್ಲಿ ಅಮೆರಿಕದವರು ಕಡಿದಾದ ಗುಡ್ಡವನ್ನು ರಿವರ್ಸಿನಲ್ಲೇ ಹತ್ತುತ್ತಿದ್ದರು. ಪೆಟ್ರೋಲು ಟ್ಯಾಂಕಿನಿಂದ ತಾನಾಗಿ ಇಳಿದು ಬರಬೇಕಿತ್ತು, ಮೂತಿ ಮೇಲಾದರೆ ಇಂಜಿನ್ನಿಗೆ ತಲುಪುತ್ತಿರಲಿಲ್ಲ. ಜೊತೆಗೆ ರಿವರ್ಸ್ ಗೇರಿಗೆ ಎಳೆಯುವ ಶಕ್ತಿಯೂ ಹೆಚ್ಚು. "ನಮಗೂ ರಿವರ್ಸ್ ಗಟ್ಟಿ ಇದೆ, ಘಾಟಿ ಹಾಗೇ ಹತ್ತಿದರೆ?" ಎಂದೆ. "ಅವರ ಹೆಂಡ್ತಿಯರು ಆಗ ಯಾವ ಕಡೆ ಮುಖ ಮಾಡಿ ಕೂತಿದ್ರು?" ಎಂದಳು. ಇತಿಹಾಸ ಅಲ್ಲಿಗೆ ಮುಗಿಯಿತು, ಗ್ಯಾರೇಜಿಗೆ ಹೋದೆವು.

ಗ್ಯಾರೇಜಿನವನು ಕಾರಿನಡಿ ಮಲಗಿ ಗೇರ್ ಬಾಕ್ಸಿನ ನಟ್ಟು ಬಿಚ್ಚಿ, ಇಳಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದ. ಕಪ್ಪು ಎಣ್ಣೆಯಲ್ಲಿ ಬಂಗಾರದ ಪುಡಿ ಮಿಂಚುತ್ತಿತ್ತು. ನನಗೆ ಒಂದು ಕ್ಷಣ ಆಸೆಯೂ ಆಯಿತು.

"ಇದು ನಿಮ್ಮ ಸಿಂಕ್ರೋ ರಿಂಗು ಸರ್. ಹಿತ್ತಾಳೆ. ಸವೆದು ಎಣ್ಣೆಗೆ ಇಳಿದಿದೆ. ಅಂದ ಹಾಗೆ, ಓಡಿಸುವಾಗ ಕೈ ಗೇರ್ ರಾಡಿನ ಮೇಲೇ ಇಟ್ಕೊಂಡಿರ್ತೀರಾ?"

ಇಟ್ಟುಕೊಂಡಿರುತ್ತೇನೆ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈ ರಾಡಿನ ತಲೆಯ ಮೇಲೆ, ಸಿನಿಮಾ ಹೀರೋ ಹಾಗೆ. ಆ ಕೈಯ ಭಾರ ಒಳಗಿನ ಫೋರ್ಕಿಗೆ ಬೀಳುತ್ತದಂತೆ. ಫೋರ್ಕು ತಿರುಗುವ ಸ್ಲೀವಿಗೆ ಸದಾ ಉಜ್ಜಿಕೊಂಡು ತೆಳುವಾಗುತ್ತದೆ, ಗೇರು ಪೂರ್ತಿ ಕೂರುವುದಿಲ್ಲ, ಹಲ್ಲಿನ ಅಂಚು ಉರುಟಾಗಿ ಜಾರತೊಡಗುತ್ತದೆ. ಹದಿನೈದು ವರ್ಷಕ್ಕೂ ಮೀರಿದ ನನ್ನ ಸ್ಟೈಲಿನ ಫಲ ಇದು. ಇನ್ನು ನಾಲ್ಕು ತಿಂಗಳಿಂದ ನಾವು ಮಾಡುತ್ತಿದ್ದ ಚಿಕಿತ್ಸೆಯೂ ಕೈಯಿಂದ ಒತ್ತಿ ಹಿಡಿಯುವುದೇ ತಾನೇ! ನಾನು ಬಾಯಿ ಬಿಡಲಿಲ್ಲ. ಇವಳು ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

ಪೂರ್ತಿ ಬಿಚ್ಚಿ ಒಳಗಿನ ಸಾಮಾನೆಲ್ಲ ಬದಲಿಸಿದರೆ ಮೂವತ್ತನಾಲ್ಕು ಸಾವಿರ. "ಹೇಗೂ ಬಾಕ್ಸ್ ಇಳಿಸ್ತೀವಲ್ಲ, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗೂ ಹಾಕಿಬಿಡೋಣ." ಈ 'ಹೇಗೂ' ಎಂಬ ಪದದಲ್ಲಿ ಎಷ್ಟೋ ಸಂಸಾರಗಳು ಕರಗಿವೆ. ಅದಕ್ಕೆ ಮತ್ತೆ ಏಳು ಸಾವಿರ. ಇದೆಲ್ಲದರ ಮಧ್ಯೆ ಬ್ರೋಕರ್ ಬಂದು ಕಾರಿಗೆ ನಲವತ್ತೈದು ಸಾವಿರ ಹೇಳಿದ. ಒಂದು ಸುತ್ತು ಓಡಿಸಿದವನು ವಾಪಸು ಬಂದಾಗ ಇಪ್ಪತ್ತೆಂಟಕ್ಕೆ ಇಳಿದಿದ್ದ. ಅವನೂ ಮೂರನೇ ಗೇರು ಹಾಕಿದ್ದನಲ್ಲ.

ಇಪ್ಪತ್ತೆಂಟರ ಕಾರಿಗೆ ನಲವತ್ತೊಂದರ ರಿಪೇರಿ. ಮೂಗಿಗಿಂತ ಮೂಗುತಿ ಭಾರ. ಮೂರು ದಶಕ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತವನು ನಾನು. ಹಳೇ ಟ್ರಾಕ್ಟರಿನ ರಿಪೇರಿಗೆ ಸಾಲ ಕೇಳಿ ಬಂದವರಿಗೆಲ್ಲ ಸವಕಳಿಯ ಪಾಠ ಹೇಳಿ, ನೀರು ಕುಡಿಸಿ ಕಳಿಸಿದ್ದೇನೆ. ಈಗ ಮದುವೆ ಕಾಗದದ ಹಿಂಬದಿಯಲ್ಲಿ ನನ್ನದೇ ಅರ್ಜಿಯ ಲೆಕ್ಕ ಹಾಕಲು ಕೂತೆ.

ಮೊದಲು ಕಾರಿನ ಬೆಲೆ ಏರಿಸಿದೆ. ಹೋದ ವರ್ಷ ಹಾಕಿಸಿದ ನಾಲ್ಕು ಟೈರು ಸೇರಿಸಿದೆ, ಬ್ಯಾಟರಿ ಸೇರಿಸಿದೆ. 2027ರವರೆಗೆ ಆರ್‌ಸಿ ಇದೆ, ಅದನ್ನೂ ಸೇರಿಸಿದೆ. ಆ ಆರ್‌ಸಿಗೊಂದು ಬೇರೆ ನೋವಿದೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ ಒಂದರಿಂದ 5,000 ಆಯಿತು. ನನ್ನ ಅವಧಿ ಮುಗಿಯುತ್ತಿದ್ದದ್ದು ಮೇ ತಿಂಗಳಲ್ಲಿ. ಮಾರ್ಚಿನಲ್ಲೇ ಮುಗಿಸಿ ಎಂದು ಇವಳು ಹೇಳಿದ್ದಳು. ಅವಸರ ಏನಿದೆ ಎಂದಿದ್ದೆ.

ಅಷ್ಟೆಲ್ಲ ಕೂಡಿಸಿದರೂ ಲೆಕ್ಕ ಬಗ್ಗಲಿಲ್ಲ. ಆಗ ಬುದ್ಧಿ ಓಡಿತು. ಹೊಸ ಕಾರು ಕೊಂಡರೆ ಆರು ಲಕ್ಷ. ರಿಪೇರಿಗೆ ನಲವತ್ತೊಂದು ಸಾವಿರ. ಅಂದರೆ ರಿಪೇರಿ ಮಾಡಿಸಿದರೆ ಐದು ಲಕ್ಷದ ಐವತ್ತೊಂಬತ್ತು ಸಾವಿರ ಲಾಭ! ಅಡುಗೆಮನೆಗೆ ಓಡಿ ಹೇಳಿದೆ.

"ಹೌದಾ ಮಾರಾಯ್ರೇ? ಹಾಗಾದ್ರೆ ಆ ಲಾಭದಲ್ಲಿ ಎರಡು ಜೊತೆ ಬಳೆ ಮಾಡಿಸಿ" ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು. ನಿಜ ಹೇಳಬೇಕೆಂದರೆ, ನನ್ನ ಮೇಜಿನ ಮುಂದೆ ಇಂಥ ಲೆಕ್ಕ ಹಿಡಿದು ಬಂದಿದ್ದರೆ ಆ ಮನುಷ್ಯನಿಗೆ ಕಾಫಿ ಕೂಡ ತರಿಸುತ್ತಿರಲಿಲ್ಲ.

ನಡುದಾರಿ ತೋರಿಸಿದವನು ಗ್ಯಾರೇಜಿನವನೇ. ಶಿವಮೊಗ್ಗದ ಗುಜರಿಯಲ್ಲಿ, ಹಿಂದಿನಿಂದ ಗುದ್ದಿಸಿಕೊಂಡ ಇದೇ ಮಾದರಿಯ ಕಾರೊಂದರ ಗೇರ್ ಬಾಕ್ಸ್ ಇತ್ತು. ಹದಿಮೂರು ಸಾವಿರ. ಅವನು ಶಾಫ್ಟ್ ತಿರುಗಿಸಿ ಕಿವಿಗೊಟ್ಟು ಕೇಳಿದ. ನಾನೂ ತಿರುಗಿಸಿ, ಕಿವಿಗೊಟ್ಟು, ತಲೆದೂಗಿದೆ. ಸಂಗೀತ ಕಛೇರಿಯಲ್ಲೂ ನಾನು ಮಾಡುವುದು ಅಷ್ಟೇ. ಕ್ಲಚ್ಚು, ಎಣ್ಣೆ, ಕೂಲಿ ಸೇರಿ ಇಪ್ಪತ್ತಾರು ಸಾವಿರಕ್ಕೆ ಮುಗಿಯಿತು. ಕಾರಿನ ಬೆಲೆಗಿಂತ ಪೂರಾ ಎರಡು ಸಾವಿರ ಕಡಿಮೆ! ಊರೆಲ್ಲ ಹೇಳಿಕೊಂಡು ಬಂದೆ.

ಮೂರನೇ ಗೇರು ಈಗ ಬೆಣ್ಣೆಯ ಹಾಗೆ ಬೀಳುತ್ತದೆ. ಬೀಳುತ್ತದೆ ಎಂದರೆ ಕೂರುತ್ತದೆ. ಹೋದ ತಿಂಗಳು ಉಡುಪಿಯಲ್ಲಿ ಉಪನಯನದ ಊಟ ಮುಗಿಸಿ ವಾಪಸಾಗುತ್ತಿದ್ದೆವು. ಎರಡು ಸಲ ಹೋಳಿಗೆ ಹಾಕಿಸಿಕೊಂಡ ಇವಳು ಹೆಬ್ರಿ ದಾಟುವಾಗಲೇ ನಿದ್ದೆಗೆ ಜಾರಿದಳು. ಸೋಮೇಶ್ವರ ಕಳೆದು ಘಾಟಿ ಶುರುವಾಯಿತು. ಮೂರರಲ್ಲಿ ಹಿತವಾಗಿ ಏರುತ್ತಿದ್ದವನು ಮೊದಲ ತಿರುವಿಗೆ ಎರಡಕ್ಕೆ ಇಳಿಸಲು ಕೈ ಹಾಕಿದರೆ, ರಾಡು ಅಲುಗಲೊಲ್ಲದು. ಹದಿಮೂರು ಸಾವಿರ ಹೋಯಿತು ಎಂದುಕೊಂಡು ಇನ್ನೊಮ್ಮೆ ಎಳೆದೆ. ಕಾರು ಎರಡು ಬಾರಿ ಕುಲುಕಿ, ತಿರುವಿನ ನಟ್ಟನಡುವೆ ಉಸಿರು ನಿಲ್ಲಿಸಿತು. ಹಿಂದೆ ಮಿನಿ ಬಸ್ಸಿನ ಹಾರನ್ನು. ಕಟ್ಟೆಯ ಮೇಲೆ ಅವೇ ಮಂಗಗಳು. ಹ್ಯಾಂಡ್ ಬ್ರೇಕ್ ಎಳೆದು ಕೆಳಗೆ ನೋಡಿದೆ. ರಾಡಿನ ಸುತ್ತ ಇವಳ ಬಲಗೈ, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ.

ಅವಳು ಕಣ್ಣು ತೆರೆಯದೆಯೇ ಹೇಳಿದಳು:

"ಬಿದ್ದಿಲ್ಲ, ಹಿಡ್ಕೊಂಡಿದ್ದೇನೆ. ನೀವು ಓಡಿಸಿ."