ಒಂದು, ಮೂರು, ನಾಲ್ಕು, ಎರಡು

ಕಾರಟಗಿಯಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರಿನ ಸುತ್ತ ಜನ ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ಭತ್ತದ ಲೋಡು ಇಳಿಸಿ ತೂಕದ ಚೀಟಿಗೆ ಕಾದಿರುವ ಲಾರಿ ಡ್ರೈವರುಗಳು, ಹಮಾಲರು, ರೊಕ್ಕಕ್ಕೆಂದು ಬಂದು ಸಾವ್ಕಾರರು ಸಿಗದೆ ನಿಂತ ರೈತರು, ಎಲ್ಲರಿಗೂ ಇಂಜಿನ್ನಿನ ಬಗ್ಗೆ ಒಂದೊಂದು ಅಭಿಪ್ರಾಯ ಇದ್ದೇ ಇರುತ್ತದೆ. ಅದರಲ್ಲೂ ರೈಸ್ ಮಿಲ್ಲಿನ ಮೂಲೆಯಲ್ಲಿ ತೌಡಿನ ಧೂಳು ಹೊದ್ದು ಕೂತ ಹಳೆಯ ಪೆಟ್ರೋಲ್ ಅಂಬಾಸಿಡರ್ ಆಗಿದ್ದರಂತೂ ಮುಗಿದೇ ಹೋಯಿತು. “ಕಾರ್ಬೊರೇಟರ್ ನೋಡ್ರಿ ಚಾಚಾ” ಎಂದು ಒಬ್ಬನಾದರೂ ಹೇಳಿಯೇ ಹೇಳುತ್ತಾನೆ. ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಹಿಡಿದ ಮೆಕ್ಯಾನಿಕ್ ಚಾಚಾ ಅವನ ಕಡೆ ತಿರುಗಿಯೂ ನೋಡುವುದಿಲ್ಲ.

ಸಾಮಾನು ಸಣ್ಣದು, ಹೊಣೆ ದೊಡ್ಡದು. ಕಾಯಿಲ್‌ನಿಂದ ಬಂದ ಕರೆಂಟನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿ ತಪ್ಪದಂತೆ ಕೊಡಬೇಕು, ಎಡದಂಡೆ ಕಾಲುವೆಯ ಪಾಳಿ ನೀರಿನ ಹಾಗೆ. ಇಲ್ಲಿ ಪಾಳಿ ತಪ್ಪಿದರೆ ಕೊನೆ ಭಾಗದ ರೈತರು ಬಂದು ರಸ್ತೆ ತಡೆ ಮಾಡಬೇಕಾಗಿಲ್ಲ. ಗಾಡಿಯೇ ನಡುರಸ್ತೆಯಲ್ಲಿ ಕೂತು ಆ ಕೆಲಸ ಮಾಡುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ಡಿಸ್ಟ್ರಿಬ್ಯೂಟರಿನೊಳಗೆ ಅಷ್ಟು ಸಲ ಬಾಯಿ ತೆರೆದು ಮುಚ್ಚುವ ಪಾಯಿಂಟಿನ ಸಂದು 0.35ರಿಂದ 0.40 ಮಿಲಿಮೀಟರ್. ಫೀಲರ್ ಗೇಜ್ ಕಳೆದುಹೋದ ಗ್ಯಾರೇಜಿನಲ್ಲಿ ಬೆಂಕಿಪೆಟ್ಟಿಗೆಯ ರಟ್ಟು ಆ ಲೆಕ್ಕ ನೋಡಿಕೊಳ್ಳುತ್ತದೆ. ಪ್ಲಗ್ಗು ಮಾತ್ರ ಮೈಕೋದ್ದೇ ಆಗಬೇಕು. ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಸುದ್ದಿ ಚಾಚಾನಿಗೆ ಇನ್ನೂ ಮುಟ್ಟಿಲ್ಲ.

ಆ ಪಾಳಿ ಒಂದು, ಮೂರು, ನಾಲ್ಕು, ಎರಡು. ಸಾಲಿಯಲ್ಲಿ ಹೀಗೆ ಎಣಿಸಿದ್ದರೆ ಮಾಸ್ತರರು ಕಿವಿ ಹಿಂಡುತ್ತಿದ್ದರು. ಗ್ಯಾರೇಜಿನ ಹುಡುಗ ಬೇರೆ ಥರ ಎಣಿಸಿದರೆ ಚಾಚಾ ಹಿಂಡುತ್ತಾನೆ.

ಈಗ ಡಿಸ್ಟ್ರಿಬ್ಯೂಟರ್ ಕೂರಿಸುವ ಮಾತು. ಮುಂದಿನ ಪುಲ್ಲಿಯ ಗುರುತು ಹೊಂದಿತೆಂದರೆ ಒಂದನೇ ಪಿಸ್ಟನ್ ಮೇಲೆ ಬಂದಿದೆ ಎಂದರ್ಥ. ಆದರೆ ಅದು ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗ್ಯಾಸನ್ನು ಒತ್ತಿ ಕಿಡಿಗೆ ಕಾಯಲು, ಇನ್ನೊಮ್ಮೆ ಹೊಗೆಯನ್ನು ಹೊರಗೆ ಅಟ್ಟಲು. ಗುರುತು ಎರಡು ಸಲವೂ ಒಂದೇ ಕಡೆ ನಿಲ್ಲುತ್ತದೆ. ಅದನ್ನು ನಂಬಿ ಕೆಟ್ಟವರು ಬಹಳ ಮಂದಿ. ಅದಕ್ಕೇ ಚಾಚಾ ಒಂದನೇ ಪ್ಲಗ್ಗು ಬಿಚ್ಚಿ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಾನೆ. ಹುಡುಗ ಮುಂದೆ ಕೂತು ಹ್ಯಾಂಡಲ್ ತಿರುಗಿಸುತ್ತಾನೆ. ಒಳಗಿನ ಗಾಳಿ ಬೆರಳನ್ನು ದಬ್ಬಿ ‘ಫುಸ್’ ಎಂದು ಹಾರಿದರೆ ಅದು ಖರೆ ಪಾಳಿ. “ಸಾವಕಾಶ... ಇನ್ನೊಂದ ತುಸಾ... ಹಾಂ, ನಿಂದರು.”

ಡಿಸ್ಟ್ರಿಬ್ಯೂಟರಿನ ಬುಡದ ಕಚ್ಚು ನಟ್ಟನಡುವೆ ಇಲ್ಲದೆ ಒಂದು ಬದಿಗೆ ಸರಿದಿದೆ, ಯಾರೂ ಉಲ್ಟಾ ಕೂರಿಸದಿರಲಿ ಅಂತ. ಆದರೆ ಇಂಜಿನ್ ಬಿಚ್ಚಿದಾಗ ಅದರ ಕೆಳಗಿನ ಡ್ರೈವ್ ಗೇರನ್ನೇ ಉಲ್ಟಾ ಇಳಿಸಿಬಿಟ್ಟರೆ ಆ ಜಾಣತನ ಏನು ಮಾಡೀತು? ಆ ಗೇರಿನ ಹಲ್ಲು ಬೇರೆ ಓರೆ. ಇಳಿಯುತ್ತ ಇಳಿಯುತ್ತ ತಾನೇ ತಿರುಗಿಕೊಳ್ಳುತ್ತದೆ. ಎಷ್ಟು ತಿರುಗೀತೆಂದು ಅಂದಾಜು ಮಾಡಿ ಅಷ್ಟು ಹಿಂದಕ್ಕೆ ಹಿಡಿದು ಬಿಡಬೇಕು. ಇದು ಅರ್ಧ ಸುತ್ತು ತಪ್ಪಿ, ವೈರುಗಳನ್ನು ಹಳೆಯ ಜಾಗದಲ್ಲೇ ಸಿಕ್ಕಿಸಿ ಸೆಲ್ಫ್ ಹೊಡೆದರೆ ಕಾರ್ಬೊರೇಟರ್ ಬಾಯಿಂದ ‘ಫಟ್’ ಎಂದು ಬೆಂಕಿ ಉಗುಳುತ್ತದೆ. ಆಗ ಮೊದಲೇ ಕಾರ್ಬೊರೇಟರ್ ಎಂದವನ ಮುಖ ನೋಡಬೇಕು!

ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರಿನ ಮೂತಿ ಎತ್ತ ಇದೆಯೋ ಅಲ್ಲಿ ಒಂದನೇ ವೈರು. ಅಲ್ಲಿಂದ ಎಡಸುತ್ತಾಗಿ ಮೂರು, ನಾಲ್ಕು, ಎರಡು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಗೂ ಬಾಡಿಗೂ ನಡುವೆ ಒಂದು ಬಲ್ಬು ಸಿಕ್ಕಿಸಿ, ಚಾವಿ ಹಾಕಿ, ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಪಾಯಿಂಟು ಬಾಯಿ ಬಿಟ್ಟ ಕ್ಷಣ ಬಲ್ಬು ಹತ್ತುತ್ತದೆ. ಕಿಡಿಯೂ ಆಗಲೇ. ಅಲ್ಲಿಗೆ ಬೋಲ್ಟು ಬಿಗಿ.

ಇಷ್ಟಾದರೂ ತೀರ್ಪು ಸಿಂಧನೂರು ರಸ್ತೆಯದು. ಟಾಪ್ ಗೇರಿನಲ್ಲಿ ನಿಧಾನ ಹೋಗುತ್ತ ಒಮ್ಮೆಲೆ ಎಕ್ಸಲರೇಟರ್ ಒತ್ತಬೇಕು. ಕಟಕಟ ಸದ್ದು ತುಸು ಬಂದು ಹೋದರೆ ಸರಿ. ಹಟ ಹಿಡಿದರೆ ಟೈಮಿಂಗ್ ಮುಂದಾಗಿದೆ. ಸದ್ದೇ ಇಲ್ಲದೆ ಗಾಡಿ ಮೈಗಳ್ಳತನ ಮಾಡಿ ಕಾದರೆ ಹಿಂದಾಗಿದೆ. ಚಾಚಾ ಕಣ್ಣು ಮುಚ್ಚಿ ಕೇಳುತ್ತಾನೆ. ಪಕ್ಕದಲ್ಲಿ ಕೂತ ಸಾವ್ಕಾರರಿಗೆ ಬೇರೆಯದೇ ಚಿಂತೆ.

“ಚಾಚಾ, ಇನ್ನ ಆ್ಯವರೇಜ್ ಎಷ್ಟ ಕೊಡತೈತಿ?”

“ಸಾವ್ಕಾರ್ರ, ನಾ ಟೈಮಿಂಗ್ ಕೂಡ್ರಿಸೀನಿ. ಪೆಟ್ರೋಲ್ ಬಂಕ್ ಕೂಡ್ರಿಸಿಲ್ಲ.”